ವಿಂಡೋಸ್ 10 ಕಾಲ ಮುಗೀತು: ಅಂಗಡಿಯ ಮೂರು ಹಳೆ ಕಂಪ್ಯೂಟರ್, ಹದಿನೈದು ವರ್ಷದ ನುಡಿ ಫೈಲುಗಳು. ಏನು ಮಾಡಲಿ?

ತೆಂಗಿನಗರಿ · ಶನಿವಾರ ಬೆಳಗ್ಗೆ

ಎಲ್ಲರಿಗೂ ನಮಸ್ಕಾರ. ತಿಪಟೂರು ಕಡೆ ನನ್ನದೊಂದು ಚಿಕ್ಕ ಟೈಪಿಂಗ್, ಜೆರಾಕ್ಸ್ ಅಂಗಡಿ ಇದೆ. ಅರ್ಜಿ, ಕರಾರು ಪತ್ರ, ವಿಭಾಗ ಪತ್ರ, ಲಗ್ನಪತ್ರಿಕೆ, ಪಹಣಿ ಪ್ರಿಂಟು, ಇದೇ ಕೆಲಸ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬೆಂಬಲ ನಿಂತಿದೆ ಅಂತ ಪರದೆ ಮೇಲೆ ಪದೇ ಪದೇ ಸೂಚನೆ ಬರುತ್ತಿದೆ. ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದೆ. ಅವರು ಮೆಷಿನ್ ನೋಡಲೇ ಇಲ್ಲ. "ಮೂರೂ ಗುಜರಿಗೆ ಹಾಕಿ, ಹೊಸದು ತಗೊಳ್ಳಿ" ಅಂದರು. ಮೂರು ಹೊಸದು ಅಂದರೆ ಲಕ್ಷ ದಾಟುತ್ತೆ. ನನ್ನ ಕೈಲಿ ಆಗಲ್ಲ.

ನನ್ನ ಹತ್ತಿರ ಇರುವುದು ಇವು. ಒಂದು, 2019ರಲ್ಲಿ ತಗೊಂಡ ಐ3, ಎಂಟನೇ ತಲೆಮಾರು, 8 ಜಿಬಿ ರ‍್ಯಾಮ್. ಎರಡು, 2016ರ ಐ3, ಆರನೇ ತಲೆಮಾರು, 4 ಜಿಬಿ. ಮೂರನೆಯದು ಕೋರ್ 2 ಡ್ಯುಯೊ. ಅದರಲ್ಲಿ ಇನ್ನೂ ವಿಂಡೋಸ್ 7, ಪುಟ ವಿನ್ಯಾಸದ ಪೇಜ್‌ಮೇಕರ್, ಕನ್ನಡ ಟೈಪಿಂಗಿನ ನುಡಿ. ವಿಂಡೋಸ್ 11ಕ್ಕೆ ಆಗುತ್ತಾ ಅಂತ ಪರೀಕ್ಷೆ ಮಾಡಿದರೆ ಮೊದಲನೆಯದೂ "ಆಗಲ್ಲ" ಅನ್ನುತ್ತಿದೆ.

ಇನ್ನೊಂದು ಚಿಂತೆ ಇದೆ. 2010ರಿಂದ ಟೈಪ್ ಮಾಡಿದ ಕನ್ನಡ ಫೈಲೆಲ್ಲ ನುಡಿ ಫಾಂಟಿನಲ್ಲೇ ಇವೆ. ಅದರಲ್ಲಿ ನಮ್ಮೂರ ಒಬ್ಬ ಮೇಷ್ಟ್ರು ಬರೆಸಿದ ಪುಸ್ತಕವೂ ಇದೆ, ಸುತ್ತಮುತ್ತಲ ಕೆರೆಗಳ ಬಗ್ಗೆ. ಅವರು ತೀರಿಕೊಂಡು ಆರು ವರ್ಷ ಆಯ್ತು. ಮೆಷಿನ್ ಬದಲಾದರೆ ಇವೆಲ್ಲ ಏನಾಗುತ್ತವೆ?

ಹೊಸಬ_21 · ಶನಿವಾರ ಬೆಳಗ್ಗೆ

ಸರ್, ತಲೆ ಕೆಡಿಸಿಕೊಳ್ಳಬೇಡಿ. ಸುಮ್ನೆ ವಿಂಡೋಸ್ 10ನಲ್ಲೇ ಇರಿ. ನಮ್ಮ ಮಾವ ವಿಂಡೋಸ್ 7 ಇಟ್ಟುಕೊಂಡು ಐದು ವರ್ಷ ನಡೆಸಿದರು. ಏನೂ ಆಗಲಿಲ್ಲ.

ಬೋರ್ಡ್_ಬಳಪ · ಶನಿವಾರ ಮಧ್ಯಾಹ್ನ

ತಮ್ಮಾ, ಈ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಅಕ್ಟೋಬರ್ 14 ಆದ ತಕ್ಷಣ ಕಂಪ್ಯೂಟರ್ ನಿಂತು ಹೋಗಲ್ಲ, ನಿಜ. ಇವತ್ತು ನಡೆದ ಹಾಗೇ ನಾಳೆಯೂ ನಡೆಯುತ್ತೆ. ಆದರೆ ಇನ್ನು ಮುಂದೆ ವಿಂಡೋಸ್ ಭದ್ರತೆಯಲ್ಲಿ ಹೊಸದಾಗಿ ತೂತು ಸಿಕ್ಕರೆ ಅದಕ್ಕೆ ತೇಪೆ, ಅಂದರೆ ಅಪ್‌ಡೇಟ್, ಬರಲ್ಲ. ಬಾಗಿಲು ಇವತ್ತು ಗಟ್ಟಿ ಇರಬಹುದು. ಮುರಿದ ದಿನ ಬಡಗಿ ಸಿಗಲ್ಲ.

2017ರ ಮೇ 12 ನೆನಪಿದೆಯಾ? ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ವೈರಸ್ ಹರಡಿದ ದಿನ. ಯಾರೂ ಕೊಂಡಿ ಒತ್ತಬೇಕಾಗಿರಲಿಲ್ಲ, ಯಾವ ಇಮೇಲೂ ತೆರೆಯಬೇಕಾಗಿರಲಿಲ್ಲ. ವಿಂಡೋಸ್‌ನಲ್ಲಿ ಫೈಲ್ ಹಂಚಿಕೊಳ್ಳುವ ವ್ಯವಸ್ಥೆಯಲ್ಲಿ ಒಂದು ದೋಷ ಇತ್ತು. ಅದನ್ನು ಹಿಡಿದು ಒಂದು ಮೆಷಿನ್‌ನಿಂದ ಇನ್ನೊಂದಕ್ಕೆ ತಾನೇ ಹೋಯಿತು. ಸುಮಾರು 150 ದೇಶ, ಎರಡು ಲಕ್ಷಕ್ಕೂ ಜಾಸ್ತಿ ಕಂಪ್ಯೂಟರ್. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪರೇಷನ್‌ಗಳನ್ನೇ ಮುಂದೂಡಬೇಕಾಯಿತು. ತೇಪೆ ಎರಡು ತಿಂಗಳ ಮುಂಚೆ, ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಇನ್ನು ತೇಪೆಯೇ ಬರದ ಮೆಷಿನ್ ಕಥೆ ನೀವೇ ಯೋಚಿಸಿ.

ಟೈಪಿಂಗ್ ಅಂಗಡಿಯಲ್ಲಂತೂ ದಿನಕ್ಕೆ ಹತ್ತಾರು ಜನ ಪೆನ್‌ಡ್ರೈವ್ ತಂದು ಚುಚ್ಚುತ್ತಾರೆ. ಅವರ ಆಧಾರ್, ಪಾಸ್‌ಬುಕ್ಕು, ಜಮೀನಿನ ಕಾಗದ ಎಲ್ಲ ಅದೇ ಮೆಷಿನ್‌ನಲ್ಲಿ ಬಿದ್ದಿರುತ್ತೆ. ಅದು ಬರೀ ನಮ್ಮ ಸೊತ್ತಲ್ಲ, ಅಲ್ವಾ?

ರಿಪೇರಿ_ಮೇಜು · ಶನಿವಾರ ಸಂಜೆ

ತೆಂಗಿನಗರಿ ಅಣ್ಣಾ, ದಾವಣಗೆರೆಯಿಂದ ಬರೀತಿದ್ದೀನಿ. ಹನ್ನೆರಡು ವರ್ಷದಿಂದ ಕಂಪ್ಯೂಟರ್ ರಿಪೇರಿಯೇ ನನ್ನ ಹೊಟ್ಟೆಪಾಡು. ಮೆಷಿನ್ ನೋಡದೆ ಗುಜರಿ ಅಂದವರ ಮಾತು ಬಿಡಿ.

ಮೊದಲನೆಯದು ನೋಡೋಣ. ವಿಂಡೋಸ್ 11 ಕೇಳುವುದು ಮುಖ್ಯವಾಗಿ ಟಿಪಿಎಂ 2.0, ಸೆಕ್ಯೂರ್ ಬೂಟ್ (ಮೆಷಿನ್ ಏಳುವಾಗ ಕಳ್ಳ ಪ್ರೋಗ್ರಾಂ ನುಸುಳದ ಹಾಗೆ ಕಾಯುವುದು), ಮತ್ತೆ ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು. ನಿಮ್ಮದು ಎಂಟನೆಯದೇ. ಹಾಗಾದರೆ ಯಾಕೆ "ಆಗಲ್ಲ" ಅನ್ನುತ್ತೆ? ಬಹುಪಾಲು ಟಿಪಿಎಂ ಮುಚ್ಚಿಟ್ಟಿರುತ್ತಾರೆ. ಟಿಪಿಎಂ ಅಂದರೆ ಬೀಗದ ಕೈಗಳನ್ನು ಬೇರೆ ಡಬ್ಬಿಯಲ್ಲಿ ಭದ್ರವಾಗಿ ಇಡುವ ಭಾಗ. ಆ ಕಾಲದ ಇಂಟೆಲ್ ಬೋರ್ಡುಗಳಲ್ಲಿ ಅದಕ್ಕೆ ಬೇರೆ ಚಿಪ್ ಬೇಕಿಲ್ಲ, ಒಳಗೇ ಇರುತ್ತೆ. ಬಯೋಸ್‌ಗೆ (ವಿಂಡೋಸ್ ಏಳುವ ಮುಂಚಿನ ಸೆಟ್ಟಿಂಗ್ಸ್) ಹೋಗಿ ಪಿಟಿಟಿ ಅಂತ ಹುಡುಕಿ, ಆನ್ ಮಾಡಿ. ಎಎಂಡಿ ಆದರೆ ಅದೇ ಜಾಗಕ್ಕೆ ಎಫ್‌ಟಿಪಿಎಂ ಅಂತಾರೆ.

ಆಮೇಲೆ ಬೂಟ್ ಬಗೆ, ಅಂದರೆ ಮೆಷಿನ್ ಏಳುವ ಕ್ರಮ, ನೋಡಿ. ಲೆಗಸಿ ಅಂತ ಹಳೆ ಕ್ರಮ ಇದ್ದರೆ ಯುಇಎಫ್‌ಐ ಅನ್ನುವ ಹೊಸ ಕ್ರಮಕ್ಕೆ ತರಬೇಕು. ಇಲ್ಲೇ ಜನ ಎಡವುತ್ತಾರೆ. ಸೀದಾ ಬದಲಿಸಿದರೆ ವಿಂಡೋಸ್ ಏಳುವುದೇ ಇಲ್ಲ, ಯಾಕಂದರೆ ಡಿಸ್ಕ್‌ನ ಹಂಚಿಕೆ ಹಳೆ ಎಂಬಿಆರ್ ಬಗೆಯಲ್ಲಿರುತ್ತೆ. ಅದನ್ನು ಜಿಪಿಟಿ ಅನ್ನುವ ಹೊಸ ಬಗೆಗೆ ಬದಲಿಸಲು ವಿಂಡೋಸ್ 10ನಲ್ಲೇ ಎಂಬಿಆರ್2ಜಿಪಿಟಿ ಅನ್ನುವ ಸಲಕರಣೆ ಇದೆ. ಮೊದಲು ಬ್ಯಾಕಪ್, ಆಮೇಲೆ ಇದು, ಆಮೇಲೆ ಬಯೋಸ್. ಈ ಕ್ರಮ ತಪ್ಪಬೇಡಿ.

ಎರಡನೆಯದು, ಆರನೇ ತಲೆಮಾರು. ಅದು ನೇರ ದಾರಿಯಲ್ಲಿ ವಿಂಡೋಸ್ 11ಕ್ಕೆ ಹೋಗಲ್ಲ.

ಹೊಸಬ_21 · ಶನಿವಾರ ರಾತ್ರಿ

ಬಳಪ ಮೇಷ್ಟ್ರೇ, ವನ್ನಾಕ್ರೈ ವಿಷಯ ನನಗೆ ಗೊತ್ತಿರಲಿಲ್ಲ. ಥ್ಯಾಂಕ್ಸ್. ಮಾವನಿಗೂ ಹೇಳ್ತೀನಿ. ರಿಪೇರಿ ಅಣ್ಣಾ, ಒಂದು ಪ್ರಶ್ನೆ. ವಿಂಡೋಸ್ ಹಾಕುವ ಪೆನ್‌ಡ್ರೈವ್ ತಯಾರಿಸುವ ರೂಫಸ್ ಸಾಫ್ಟ್‌ವೇರ್ ಬಳಸಿ ಟಿಪಿಎಂ ಪರೀಕ್ಷೆ ದಾಟಿಸಿ ಹಾಕಬಹುದಲ್ಲ? ನಮ್ಮ ಹಾಸ್ಟೆಲ್‌ನಲ್ಲಿ ಇಬ್ಬರು ಹಾಗೇ ಮಾಡಿದ್ದಾರೆ.

ರಿಪೇರಿ_ಮೇಜು · ಶನಿವಾರ ರಾತ್ರಿ

ಆಗುತ್ತೆ. ನಾನೂ ಒಂದೆರಡು ಕಡೆ ಮಾಡಿದ್ದೀನಿ. ಆದರೆ ಹಾಗೆ ಹಾಕಿದ ಮೆಷಿನ್‌ಗೆ ಅಪ್‌ಡೇಟ್ ಬಂದೇ ಬರುತ್ತೆ ಅಂತ ಮೈಕ್ರೋಸಾಫ್ಟ್ ಮಾತು ಕೊಡಲ್ಲ. ಅಪ್‌ಡೇಟ್ ಸಲುವಾಗಿ ತಾನೇ ನಾವು 10 ಬಿಡುತ್ತಿರುವುದು? ಜೀವನ ನಡೆಯುವ ಅಂಗಡಿಯ ಮೆಷಿನ್‌ಗೆ ನಾನು ಆ ದಾರಿ ಹೇಳಲ್ಲ. ಕೋರ್ 2 ಡ್ಯುಯೊಗಂತೂ ಅದೂ ಇಲ್ಲ. 24ಎಚ್2 ಆವೃತ್ತಿಯಿಂದ ಈಚೆಗೆ ವಿಂಡೋಸ್ 11 ಕೇಳುವ ಕೆಲವು ಸೂಚನೆಗಳು ಆ ಪ್ರೊಸೆಸರ್‌ಗೆ ಗೊತ್ತೇ ಇಲ್ಲ. ಬೂಟೇ ಆಗಲ್ಲ.

ಡಚ್ಚರ_ನಾಡಿಂದ · ಭಾನುವಾರ ಬೆಳಗ್ಗೆ

ಐಂಡ್‌ಹೋವನ್‌ನಿಂದ ನಮಸ್ಕಾರ. ಇನ್ನೊಂದು ದಾರಿ ಯಾರೂ ಹೇಳಲಿಲ್ಲ, ಅದಕ್ಕೆ ಬರೀತಿದ್ದೀನಿ. ಇಎಸ್‌ಯು ಅಂತ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಇದೆ. 2026ರ ಅಕ್ಟೋಬರ್ 13ರ ತನಕ. ನಾನಿರುವ ಯುರೋಪಿನ ಕಡೆ ಅದನ್ನು ಉಚಿತ ಮಾಡಿದ್ದಾರೆ. ಗ್ರಾಹಕ ಸಂಘಟನೆಗಳು ಬಿಡದೆ ಕೇಳಿದವು.

ಬೇರೆ ದೇಶಗಳಲ್ಲಿ ಮೂರು ಬಗೆ: 30 ಡಾಲರ್ ಕಟ್ಟುವುದು, ಇಲ್ಲವೇ 1000 ರಿವಾರ್ಡ್ಸ್ ಅಂಕ ಕೊಡುವುದು, ಇಲ್ಲವೇ ನಿಮ್ಮ ಸೆಟ್ಟಿಂಗ್ಸ್ ಅನ್ನು ಅವರ ಕ್ಲೌಡ್‌ಗೆ ಬ್ಯಾಕಪ್ ಮಾಡುವುದು. ಕೊನೆಯದಕ್ಕೆ ದುಡ್ಡು ಬೇಡ. ಮೆಷಿನ್‌ನಲ್ಲಿ 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲೇ ಸೇರಿಕೊಳ್ಳುವ ಕೊಂಡಿ ಕಾಣುತ್ತೆ.

ಒಂದು ಮಾತು ಗಮನಿಸಿ. ಇದು ಮನೆ ಬಳಕೆಯವರಿಗೆ ಅಂತ ಮಾಡಿದ್ದು. ಸಂಸ್ಥೆಗಳಿಗೆ ಬೇರೆ ದರ, ಮೊದಲ ವರ್ಷಕ್ಕೇ ಮೆಷಿನ್ನಿಗೆ 61 ಡಾಲರ್, ಆಮೇಲೆ ವರ್ಷ ವರ್ಷ ದುಪ್ಪಟ್ಟು. ಮನೇಲಿ ಮಕ್ಕಳ ಲ್ಯಾಪ್‌ಟಾಪ್ ಇದ್ದರೆ ಇಎಸ್‌ಯು ಧಾರಾಳವಾಗಿ ಹಾಕಿಸಿ. ಅಂಗಡಿಗೆ ಬೇರೆ ಯೋಚನೆ ಮಾಡಿ.

ಮಲೆನಾಡ_ಮಳೆ · ಭಾನುವಾರ ಮಧ್ಯಾಹ್ನ

ಎರಡನೇ ಮೆಷಿನ್‌ಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ. ನಾನು ಸಾಗರದ ಹತ್ತಿರ ಒಂದು ಸಣ್ಣ ಗ್ರಂಥಾಲಯದಲ್ಲಿ ನಾಲ್ಕು ಹಳೆ ಕಂಪ್ಯೂಟರ್‌ಗೆ ಹಾಕಿ ಎರಡು ವರ್ಷ ಆಯ್ತು. ಮಿಂಟ್ 22ಕ್ಕೆ 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಇದೆ. 4 ಜಿಬಿ ರ‍್ಯಾಮ್‌ನಲ್ಲಿ ನಡೆಯುತ್ತೆ. ಹಾಕುವ ಮುಂಚೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ಹಾರ್ಡ್‌ಡಿಸ್ಕ್ ಮುಟ್ಟಲ್ಲ.

ಒಂದೇ ಒಂದು ಖರ್ಚು ಮಾಡಿ: ಹಾರ್ಡ್‌ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿ. ನಮ್ಮಲ್ಲಿ ಮೆಷಿನ್ ಏಳುವಷ್ಟರಲ್ಲಿ ಮಕ್ಕಳು ಆಟಕ್ಕೆ ಎದ್ದು ಹೋಗುತ್ತಿದ್ದರು. ಈಗ ಕೂತಲ್ಲೇ ಕಾಯುತ್ತಾರೆ.

ಕೇರಳದ ಸರ್ಕಾರಿ ಶಾಲೆಗಳ ಲ್ಯಾಬ್‌ಗಳು ಎಷ್ಟೋ ವರ್ಷದಿಂದ ಲಿನಕ್ಸ್‌ನಲ್ಲೇ ನಡೆಯುತ್ತಿವೆ. ಅಲ್ಲಿಯ ಮಕ್ಕಳು ಮಲಯಾಳಂನಲ್ಲೇ ಟೈಪ್ ಮಾಡಿ ಕಲಿಯುತ್ತಾರೆ. ನಮ್ಮಲ್ಲೂ ಆಗಬೇಕು ಅಂತ ನನಗೆ ತುಂಬಾ ಆಸೆ. ಹಳೇ ಮೆಷಿನ್ ಎಸೆಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತೆ. 2022ರಲ್ಲಿ ಪ್ರಪಂಚದಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಆಯ್ತು ಅಂತ ವಿಶ್ವಸಂಸ್ಥೆಯ ಲೆಕ್ಕ. ಅದರಲ್ಲಿ ಸರಿಯಾಗಿ ಮರುಬಳಕೆಗೆ ಹೋಗಿದ್ದು 22.3%. ವಿಂಡೋಸ್ 10 ನಿಲ್ಲುವುದರಿಂದಲೇ ಸುಮಾರು 24 ಕೋಟಿ ಕಂಪ್ಯೂಟರ್ ಗುಜರಿ ಸೇರಬಹುದು ಅಂತ ಮಾರುಕಟ್ಟೆ ಅಧ್ಯಯನ ಸಂಸ್ಥೆ ಕ್ಯಾನಲಿಸ್ 2023ರಲ್ಲೇ ಅಂದಾಜು ಮಾಡಿತ್ತು.

ತೆಂಗಿನಗರಿ · ಭಾನುವಾರ ಸಂಜೆ

ಎಲ್ಲರಿಗೂ ತುಂಬಾ ಧನ್ಯವಾದ. ಬಯೋಸ್‌ನಲ್ಲಿ ಪಿಟಿಟಿ ಆಫ್ ಇತ್ತು! ಆನ್ ಮಾಡಿದೆ. ಡಿಸ್ಕ್ ಎಂಬಿಆರ್ ಅಂತಲೇ ಇದೆ. ಬ್ಯಾಕಪ್ ಆಗುತ್ತಿದೆ, ಆಮೇಲೆ ಮುಂದಿನದು.

ಲಿನಕ್ಸ್ ಬಗ್ಗೆ ಎರಡು ಅನುಮಾನ. ಹೆಬ್ಬೆಟ್ಟಿನ ಗುರುತು ಹಿಡಿಯುವ ನನ್ನ ಬೆರಳಚ್ಚು ಮೆಷಿನ್ ಅದರಲ್ಲಿ ಓಡುತ್ತಾ? ಮತ್ತೆ ನುಡಿ ಇಲ್ಲದೆ ಕನ್ನಡ ಹೇಗೆ? ಬೆರಳು ಆ ಕೀಲಿಮಣೆಗೇ ಪಳಗಿದೆ. ಕಣ್ಣು ಮುಚ್ಚಿ ಹೊಡೆಯುತ್ತೀನಿ.

ಮಲೆನಾಡ_ಮಳೆ · ಭಾನುವಾರ ಸಂಜೆ

ಕೀಲಿಮಣೆ ಚಿಂತೆ ಬಿಡಿ. ಮಿಂಟ್‌ನ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಭಾರತದ ಭಾಷೆಗಳ ಕೆಳಗೆ "ಕನ್ನಡ, ಕಗಪ ಫೊನೆಟಿಕ್" ಅಂತ ಇದೆ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು, ನುಡಿಯಲ್ಲೂ ಅದೇ. ಅಕ್ಷರಗಳ ಜಾಗ ನಿಮ್ಮ ಬೆರಳಿಗೆ ಗೊತ್ತಿರುವುದೇ. ಒತ್ತಕ್ಷರ ಹೊಡೆಯುವುದಕ್ಕೆ ಎರಡು ದಿನ ರೂಢಿ ಬೇಕಾಗಬಹುದು, ಅಷ್ಟೇ. ವರ್ಡ್, ಎಕ್ಸೆಲ್ ಥರದ ಕೆಲಸಕ್ಕೆ ಲಿಬ್ರೆಆಫೀಸ್ ಜೊತೆಗೇ ಬರುತ್ತೆ. ಫಾಂಟಿಗೆ ಲೋಹಿತ್, ಗುಬ್ಬಿ, ನವಿಲು, ನೋಟೊ, ಎಲ್ಲ ಉಚಿತ.

ರಿಪೇರಿ_ಮೇಜು · ಭಾನುವಾರ ರಾತ್ರಿ

ಬೆರಳಚ್ಚು ಮೆಷಿನ್, ಡಿಜಿಟಲ್ ಸಹಿಯ ಡಾಂಗಲ್, ಇವನ್ನು ವಿಂಡೋಸ್ ಮೆಷಿನ್‌ನಲ್ಲೇ ಇಟ್ಟುಕೊಳ್ಳಿ. ನಾನು ನೋಡಿದ್ದರಲ್ಲಿ ಅರ್ಧಕ್ಕರ್ಧ ಲಿನಕ್ಸ್‌ನಲ್ಲಿ ಓಡಲಿಲ್ಲ. ಒಂದೂವರೆ ದಿನ ಕೂತು ಸೋತಿದ್ದೀನಿ. ಟೈಪಿಂಗ್, ಪ್ರಿಂಟ್, ಅಂತರ್ಜಾಲದ ಅರ್ಜಿ ಇವು ಎರಡನೇ ಮೆಷಿನ್‌ಗೆ. ಬೆರಳಚ್ಚು, ಸಹಿ ಮೊದಲನೆಯದಕ್ಕೆ.

ಮೊಳೆ_ಜೋಡಣೆ · ಸೋಮವಾರ ಬೆಳಗ್ಗೆ

ನಮಸ್ಕಾರ ರೀ. ಧಾರವಾಡದಾಗ ಇಪ್ಪತ್ತೆರಡು ವರ್ಷದಿಂದ ಡಿಟಿಪಿ ಕೆಲಸ ಮಾಡುತ್ತಿದ್ದೇನೆ. ಮೇಲಿನ ಮಾತೆಲ್ಲ ಓದಿದೆ. ಮೆಷಿನ್ ಯಾವುದಾದರೂ ಒಂದು ಸಿಗುತ್ತೆ. ಮೇಷ್ಟ್ರ ಪುಸ್ತಕದ ಫೈಲು ಹೋದರೆ ಮತ್ತೆ ಸಿಗಲ್ಲ. ಅದಕ್ಕೆ ನುಡಿ ಫೈಲಿನ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ನುಡಿಯ ಹಳೆ ಫಾಂಟಿನ ಫೈಲಿನಲ್ಲಿ ನಿಜವಾಗಿ ಕನ್ನಡ ಅಕ್ಷರವೇ ಇಲ್ಲ. ಅದರಲ್ಲಿರುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆ. ಫಾಂಟು ಅದರ ಮೇಲೆ ಕನ್ನಡದ ಚಿತ್ರ ಹೊದಿಸುತ್ತೆ. "ಕ" ನೋಡಿ. ಅದು ಎರಡು ತುಂಡು. ಒಡಲು ಇಂಗ್ಲಿಷ್ "ಪಿ" ಇರುವ ಜಾಗದಲ್ಲಿ, ಸಂಖ್ಯೆ 80. ತಲೆಕಟ್ಟು ಬೇರೆ ಕಡೆ, ಸಂಖ್ಯೆ 192. ಫಾಂಟ್ ಇಲ್ಲದ ಮೆಷಿನ್‌ನಲ್ಲಿ ತೆರೆದರೆ "ಪಿ" ಮತ್ತೆ ತಲೆ ಮೇಲೆ ಗೀಟಿರುವ "ಎ" ಕಾಣುವುದು ಅದಕ್ಕೇ. ಯೂನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಕ್ಕೂ ಪ್ರಪಂಚವೆಲ್ಲ ಒಪ್ಪಿದ ಸಂಖ್ಯೆ; ಅದರಲ್ಲಿ "ಕ" ಅಂದರೆ ಒಂದೇ ಸಂಖ್ಯೆ, 3221. ಯಾವ ಫಾಂಟ್ ಹಾಕಿದರೂ, ಯಾವ ಫೋನಿನಲ್ಲಿ ತೆರೆದರೂ ಅದು "ಕ" ಆಗಿಯೇ ಇರುತ್ತೆ.

ಆವಾಗ ಹಾಗೆ ಮಾಡಿದವರದು ತಪ್ಪಲ್ಲ. ಆ ಕಾಲದ ಸಾಫ್ಟ್‌ವೇರ್‌ಗಳಿಗೆ ಕನ್ನಡವನ್ನು ನೇರವಾಗಿ ಜೋಡಿಸಲು ಬರುತ್ತಿರಲಿಲ್ಲ. ಬರಹ, ನುಡಿ ಅನ್ನುವ ಸಾಫ್ಟ್‌ವೇರ್‌ಗಳು ಇಲ್ಲದಿದ್ದರೆ ನಮ್ಮಂಥ ಸಾವಿರಾರು ಜನಕ್ಕೆ ಈ ಕೆಲಸವೇ ಇರುತ್ತಿರಲಿಲ್ಲ. ನನ್ನ ಮನೆ ನಡೆದಿದ್ದೇ ಅದರಿಂದ. ಆದರೆ ಈಗ ಆ ಫೈಲುಗಳನ್ನು ದಾಟಿಸಬೇಕಾದ ಕೆಲಸ ನಮ್ಮದೇ.

ದಾಟಿಸುವ ಉಚಿತ ಪರಿವರ್ತಕಗಳು ಅಂತರ್ಜಾಲದಲ್ಲಿ ಇವೆ. ಆದರೆ ಕಣ್ಣು ಮುಚ್ಚಿ ನಂಬಬೇಡಿ. ಮೊದಲು ಅರ್ಕಾವತ್ತು. "ಕನಾರ್ಟಕ" ಅಂತ ಬೋರ್ಡುಗಳಲ್ಲಿ ನೋಡಿದ್ದೀರಲ್ಲ? ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ "ನಾ" ಆದ ಮೇಲೆ ಇರುತ್ತೆ. ಯೂನಿಕೋಡ್‌ನಲ್ಲಿ ಬಾಯಲ್ಲಿ ಹೇಳುವ ಕ್ರಮ, "ರ್" ಮೊದಲು, ಆಮೇಲೆ "ನಾ". ಪರಿವರ್ತಕ ಹಿಂದು ಮುಂದು ಮಾಡಲು ಮರೆತರೆ ಸೂರ್ಯ "ಸೂಯರ್" ಆಗುತ್ತಾನೆ, ಕಾರ್ಯ "ಕಾಯರ್" ಆಗುತ್ತೆ. ಒಂದು ಪುಟ ಬದಲಿಸಿ ಅರ್ಕಾವತ್ತು ಇರುವ ಹತ್ತು ಪದ ನೋಡಿದರೆ ಪರಿವರ್ತಕದ ಯೋಗ್ಯತೆ ಗೊತ್ತಾಗುತ್ತೆ.

ಇನ್ನೊಂದು, ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡದ ಚೂರುಗಳಾಗಿ ಬಿಡುತ್ತೆ. ಕರಾರು ಪತ್ರದಲ್ಲಿ ಪ್ಯಾನ್ ನಂಬರು, ವಾಹನದ ನಂಬರು ಇರುತ್ತಲ್ಲ, ಒಂದೊಂದನ್ನೂ ಹಳೆ ಪ್ರತಿಯೊಂದಿಗೆ ತಾಳೆ ನೋಡಿ. ಕಾನೂನು ಕಾಗದದಲ್ಲಿ ಒಂದು ಅಕ್ಷರ ತಪ್ಪಿದರೆ ಯಾರದೋ ಜಮೀನಿನ ವಿಷಯ. ಮತ್ತೆ, ಜನರ ಇಂಥ ಕಾಗದಗಳನ್ನು ಅಂತರ್ಜಾಲದ ಪರಿವರ್ತಕಕ್ಕೆ ಸುರಿಯಬೇಡಿ. ಮೆಷಿನ್‌ನಲ್ಲೇ ಓಡುವ ಪರಿವರ್ತಕ ಬಳಸಿ.

ಹಳೆ ಫೈಲನ್ನು ಅಳಿಸಬೇಡಿ. ಅದರ ಪಕ್ಕದಲ್ಲೇ ನುಡಿ ಫಾಂಟಿನ ಫೈಲನ್ನೂ ನಕಲು ಮಾಡಿ ಇಡಿ. ಜನ ಫೈಲು ಇಡುತ್ತಾರೆ, ಫಾಂಟು ಮರೆಯುತ್ತಾರೆ. ಆ ಫಾಂಟನ್ನು ಮಿಂಟ್‌ನಲ್ಲೂ ಹಾಕಬಹುದು, ಹಳೆ ದಾಖಲೆ ಓದುವುದಕ್ಕೆ ಸಾಕು.

ಹೊಸಬ_21 · ಸೋಮವಾರ ಮಧ್ಯಾಹ್ನ

ಮೇಡಂ, ಇದನ್ನು ನಮಗೆ ಕಾಲೇಜಲ್ಲಿ ಯಾರೂ ಹೇಳಿಕೊಟ್ಟಿಲ್ಲ. ನಮ್ಮ ತಾತನ ಭಜನೆ ಪದಗಳು ಒಂದು ಸಿಡಿಯಲ್ಲಿ ಹೀಗೇ ಇವೆ. ಕರಪ್ಟ್ ಆಗಿದೆ ಅಂದುಕೊಂಡು ಬಿಟ್ಟಿದ್ದೆವು. ಪೇಜ್‌ಮೇಕರ್ ಫೈಲ್ ಆದರೆ ಏನು ಮಾಡುವುದು?

ಮೊಳೆ_ಜೋಡಣೆ · ಸೋಮವಾರ ಸಂಜೆ

ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತೇ ಇಲ್ಲ. ಅದರ ಫೈಲನ್ನು ಸರಿಯಾಗಿ ತೆರೆಯಲು ಪೇಜ್‌ಮೇಕರ್ ಇರುವ ಮೆಷಿನ್ನೇ ಒಳ್ಳೆಯದು. ಬರಹವನ್ನು ಹೊರಗೆ ತೆಗೆದು, ಆಮೇಲೆ ಪರಿವರ್ತನೆ. ತೆಂಗಿನಗರಿಯವರ ಮೂರನೇ ಮೆಷಿನ್ ಗುಜರಿಗೆ ಹೋಗಬಾರದು ಅನ್ನುವುದು ಇದಕ್ಕೇ. ನೆಟ್ ವೈರ್ ಕಿತ್ತು ಹಾಕಿ, ವೈಫೈ ತೆಗೆಯಿರಿ, ಹಾಗೇ ಇಟ್ಟುಕೊಳ್ಳಿ. ಗಿರಾಕಿಗಳ ಪೆನ್‌ಡ್ರೈವ್ ಮಾತ್ರ ಅದಕ್ಕೆ ತಾಗಿಸಬೇಡಿ. ಹೊಸ ಪುಟವಿನ್ಯಾಸಕ್ಕೆ ಸ್ಕ್ರೈಬಸ್ 1.6 ನೋಡಿ. ಉಚಿತ, ಒತ್ತಕ್ಷರ ಸರಿಯಾಗಿ ಕೂರುತ್ತೆ. ಕಲಿಯಲು ನನಗೆ ಒಂದು ತಿಂಗಳು ಬೇಕಾಯಿತು.

ಅಜ್ಜನ ಸಿಡಿ ಇವತ್ತೇ ನಕಲು ಮಾಡಿಕೋ ತಮ್ಮಾ. ಸಿಡಿ ಹೆಚ್ಚು ದಿನ ಬಾಳಲ್ಲ.

ಬೋರ್ಡ್_ಬಳಪ · ಮಂಗಳವಾರ

ಮೇಡಂ, ನಿಮ್ಮ ವಿವರಣೆಯನ್ನು ನಾಳೆ ಹತ್ತನೇ ತರಗತಿಗೆ ಬೋರ್ಡ್ ಮೇಲೆ ಬರೆದು ತೋರಿಸುತ್ತೇನೆ. 80, 192, 3221. ಅಕ್ಷರದ ಹಿಂದೆ ಸಂಖ್ಯೆ ಇದೆ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಹೇಗೆ ಹೇಳುವುದು!

ತೆಂಗಿನಗರಿ · ಮುಂದಿನ ಭಾನುವಾರ

ಒಂದು ವಾರ ಆಯ್ತು, ಏನಾಯ್ತು ಅಂತ ಹೇಳುತ್ತೇನೆ.

ಮೊದಲನೇ ಮೆಷಿನ್ ವಿಂಡೋಸ್ 11ಕ್ಕೆ ಹೋಯಿತು. ಒಂದು ಪೈಸೆ ಖರ್ಚಿಲ್ಲ. ಎರಡನೆಯದಕ್ಕೆ ಎಸ್‌ಎಸ್‌ಡಿ ಹಾಕಿಸಿ ಮಿಂಟ್ ಹಾಕಿದೆ. ಮೊದಲ ಎರಡು ದಿನ ಒತ್ತಕ್ಷರ ಕೈಕೊಡುತ್ತಿತ್ತು. ಬುಧವಾರದಿಂದ ಸರಾಗ. ಹಳೆ ಪ್ರಿಂಟರ್ ತಾನೇ ಗುರುತು ಹಿಡಿಯಿತು, ಸ್ಕ್ಯಾನರ್ ಹಿಡಿಯಲಿಲ್ಲ. ಅದನ್ನು ಮೊದಲನೇ ಮೆಷಿನ್‌ಗೆ ಕೊಟ್ಟೆ. ಮಗಳ ಲ್ಯಾಪ್‌ಟಾಪ್‌ಗೆ ಇಎಸ್‌ಯು ಆಯಿತು. ಮೂರನೆಯದರ ನೆಟ್ ವೈರ್ ಕಿತ್ತೆ. ಅದು ಪ್ರತಿ ಸಲ ದಿನಾಂಕ ಮರೆಯುತ್ತೆ, ಬೋರ್ಡಿನ ಬ್ಯಾಟರಿ ಬದಲಿಸಬೇಕು.

ಫೈಲುಗಳು ಸುಮಾರು ನಾಲ್ಕು ಸಾವಿರ. ಎಲ್ಲವನ್ನೂ ಬದಲಿಸಲು ಹೋಗಲಿಲ್ಲ. ಎರಡು ಹೊರಗಿನ ಡಿಸ್ಕ್‌ಗೆ ಫಾಂಟ್ ಸಮೇತ ನಕಲು ಮಾಡಿದೆ. ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ. ಪರಿವರ್ತನೆ ಮಾಡಿದ್ದು ಮೇಷ್ಟ್ರ ಪುಸ್ತಕ ಮಾತ್ರ. ಮೊದಲು ಸಿಕ್ಕ ಪರಿವರ್ತಕ "ವರ್ಷ"ವನ್ನು "ವಷರ್" ಮಾಡಿತು. ಮೊಳೆ ಜೋಡಣೆ ಮೇಡಂ ಹೇಳಿದ್ದು ನೆನಪಾಗಿ ಅಲ್ಲೇ ನಿಲ್ಲಿಸಿ ಬೇರೆ ನೋಡಿದೆ. ಎರಡನೆಯದು ಸರಿ ಮಾಡಿತು. ನಾಲ್ಕು ರಾತ್ರಿ ಕೂತು 112 ಪುಟ ಓದಿದೆ. ಟೈಪ್ ಮಾಡುವಾಗ ಮೇಷ್ಟ್ರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಓದಿ ಹೇಳುತ್ತಿದ್ದರು. ಆ ದನಿಯೇ ಕೇಳಿಸಿದ ಹಾಗಾಯಿತು.

ಈ ಪುಸ್ತಕದಲ್ಲಿ ಇದುವರೆಗೆ ಏನನ್ನೂ ಹುಡುಕಲು ಆಗುತ್ತಿರಲಿಲ್ಲ. ನಿನ್ನೆ ರಾತ್ರಿ "ತೂಬು" ಅಂತ ಬರೆದು ಹುಡುಕಿದೆ. 41 ಕಡೆ ಸಿಕ್ಕಿತು. ಯಾವ ಕೆರೆಗೆ ಎಷ್ಟು ತೂಬು, ಯಾವುದು ಮುಚ್ಚಿ ಹೋಗಿದೆ, ಎಲ್ಲ ಬರೆದಿದ್ದಾರೆ.

63ನೇ ಪುಟದಲ್ಲಿ ಎರಡು ಸಾಲು ಮಾತ್ರ ಕೆಟ್ಟಿದೆ. ನಡುವೆ ಇಂಗ್ಲಿಷ್‌ನಲ್ಲಿ ಏನೋ ಅಳತೆ ಇತ್ತು ಅನ್ನಿಸುತ್ತೆ. ಅಚ್ಚಾದ ಪ್ರತಿ ಅವರ ಮಗನ ಮನೆಯಲ್ಲಿ ಒಂದೇ ಒಂದು ಇದೆ. ಮಂಗಳವಾರ ತರುತ್ತೇನೆ ಅಂದಿದ್ದಾರೆ.